ಸಿವಿ ಬೇರೆ, ಬಯೋಡಾಟಾ ಬೇರೆ: ಶಂಕರಪುರದ ಅಕ್ಕನಿಗೆ ಉತ್ತರ

ಅಕ್ಕಾ, ಮಗಳು ತೋಟಗಾರಿಕೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ, ಸಂಶೋಧನೆ ಕೆಲಸಕ್ಕೆ ಸಿವಿ ಕೇಳಿದ್ದಾರೆ, ಬಯೋಡಾಟಾ ಕಳಿಸಿದ್ರೆ ಸಾಕಾ ಅಂತ ಕೇಳಿದ್ರಿ. ಸಾಕಾಗುವುದಿಲ್ಲ. ಕಾಲೇಜಿನ ಆಫೀಸಿನಲ್ಲಿ ಕೂತು ತುಂಬಾ ವರ್ಷ ಅರ್ಜಿ ನೋಡಿದವಳು ನಾನು, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸಿವಿ ಅಂದ್ರೆ ಕರಿಕ್ಯುಲಂ ವೀಟೆ, ಲ್ಯಾಟಿನ್ ಮಾತು. ಬದುಕು ಸಾಗಿದ ದಾರಿ ಅಂತ ಅರ್ಥ. ಆದರೆ ಇಲ್ಲಿ ಬೇಕಾದ್ದು ಓದು ಮತ್ತು ಕೆಲಸದ ದಾರಿ ಮಾತ್ರ. ಅಪ್ಪನ ಹೆಸರು, ಜಾತಿ, ಎತ್ತರ, ಮದುವೆ ಆಗಿದೆಯಾ ಇಲ್ವಾ, ಇದೆಲ್ಲ ಬಯೋಡಾಟಾಕ್ಕೆ. ಅರ್ಜಿ ಫಾರಂನಲ್ಲಿ ಕೇಳಿದ್ರೆ ಅಲ್ಲೇ ತುಂಬಿಸಲಿ.

ಕಂಪನಿ ಕೆಲಸಕ್ಕೆ ಒಂದೆರಡು ಪುಟದ ರೆಸ್ಯೂಮೆ ನಡೆಯುತ್ತದೆ. ಸಂಶೋಧನೆಗೆ ಹಾಗಲ್ಲ. ಥೀಸಿಸ್ ಯಾವುದರ ಮೇಲೆ, ಗೈಡ್ ಯಾರು, ಪೇಪರ್ ಬಂದಿದೆಯಾ, ಯಾವ ಸೆಮಿನಾರಿನಲ್ಲಿ ಮಾತಾಡಿದ್ದಾಳೆ, ಎಲ್ಲ ಬರಬೇಕು. ಉದ್ದವಾದ್ರೂ ಪರವಾಗಿಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ.

ಈಗ ಮುಖ್ಯ ವಿಷಯ. ಎರಡು ಮಳೆಗಾಲ ನಿಮ್ಮ 80 ಮಲ್ಲಿಗೆ ಬುಡದ ಎಲೆಚುಕ್ಕೆ ರೋಗವನ್ನು ಅವಳು ವಾರವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳಲ್ಲ, ಫೋಟೋ ನೀವೇ ಇಲ್ಲಿ ಹಾಕಿದ್ರಿ. ಯಾವ ಬುಡ, ಎಷ್ಟು ಎಲೆ, ಮದ್ದು ಹೊಡೆದ ದಿನ, ಎಲ್ಲ ಇತ್ತು. ಅದು ಸಿವಿಯಲ್ಲಿ ಉಂಟಾ? "ಮಲ್ಲಿಗೆ ಕೃಷಿಯಲ್ಲಿ ಆಸಕ್ತಿ" ಅಂತ ಸುಮ್ನೆ ಬರೆದ್ರೆ ಯಾರೂ ನಿಂತು ಓದುವುದಿಲ್ಲ. "80 ಗಿಡ, 2 ಮಳೆಗಾಲ, ಎಲೆಚುಕ್ಕೆ ರೋಗದ ವಾರದ ದಾಖಲೆ" ಅಂತ ಬರೆಯಲಿ. ಮನೆ ತೋಟದ ಕೆಲಸ ಅಂತ ಬಿಟ್ಟುಬಿಡುವ ಮಕ್ಕಳೇ ಜಾಸ್ತಿ, ನನಗೆ ಅದೇ ಬೇಸರ. ಆ ನೋಟ್‌ಬುಕ್ಕನ್ನು ಸಂದರ್ಶನಕ್ಕೂ ಒಯ್ಯಲಿ. ಮಾಡದೇ ಇದ್ದದ್ದನ್ನು ಮಾತ್ರ ಒಂದು ಸಾಲೂ ಸೇರಿಸಬಾರದು, ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಇನ್ನೊಂದು, ಎಲ್ಲ ಕಡೆಗೂ ಒಂದೇ ಪ್ರತಿ ಕಳಿಸುವುದು ಬೇಡ. ವಿಟ್ಲದ ಸಿಪಿಸಿಆರ್‌ಐ (ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ಅಡಿಕೆ, ಕೊಕ್ಕೊ ಕೆಲಸ. ಅಲ್ಲಿಗೆ ಹಾಕುವಾಗ ಅಡಿಕೆ ತೋಟದಲ್ಲಿ ಮಾಡಿದ್ದು ಮೇಲೆ ಬರಲಿ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರಕ್ಕಾದರೆ ಕಸಿ ಕಟ್ಟಲು ಕಲಿತದ್ದು ಮೊದಲು. ವಿವರ ಅದೇ, ಜಾಗ ಮಾತ್ರ ಬದಲು.

ಅವಳ ಬಗ್ಗೆ ಕೇಳಿ ತಿಳಿಯಲಿಕ್ಕೆ ಅಂತ ಗೈಡ್ ಹೆಸರು ಕೊನೆಯಲ್ಲಿ ಕೊಡುವ ಮೊದಲು ಅವರಿಗೊಂದು ಫೋನ್ ಮಾಡಿ ಕೇಳಲಿ. ಪಿಡಿಎಫ್ ಮಾಡಿ, ಫೈಲಿಗೆ ಅವಳದೇ ಹೆಸರಿಡಲಿ. ಕರಡು ಆದ ಕೂಡಲೇ ನನಗೆ ಕಳಿಸಿ ಅಕ್ಕಾ, ರಾತ್ರಿ ಕೂತು ನೋಡಿಕೊಡುತ್ತೇನೆ.