‘ವಾಸಂತಿಕ’ ಅಚ್ಚಿನ ತಪ್ಪಲ್ಲ

ಗದಗಿನ ಓದುಗರೊಬ್ಬರ ಪತ್ರ: ‘ಕಳೆದ ಸಂಚಿಕೆಯ ಕಥೆಯಲ್ಲಿ “ವಾಸಂತಿಕ ಗಾಳಿ” ಎಂದಿದೆ. ನಮ್ಮ ಓಣಿಯಲ್ಲಿ ಇಬ್ಬರು ವಾಸಂತಿಯರಿದ್ದಾರೆ, ವಾಸಂತಿಕ ಯಾರು? ಅಚ್ಚಿನ ತಪ್ಪೋ, ಅಂಥ ಶಬ್ದವೇ ಇದೆಯೋ?’

ಶಬ್ದವಿದೆ. ದಿನದಿಂದ ದೈನಿಕ ಆದ ಹಾಗೆ ವಸಂತದಿಂದ ವಾಸಂತಿಕ. ವಸಂತಕ್ಕೆ ಸೇರಿದ್ದು ಎಂದು ಅರ್ಥ. ತೈತ್ತಿರೀಯ ಸಂಹಿತೆ ಮಧು, ಮಾಧವ ಎಂಬ ತಿಂಗಳುಗಳನ್ನು, ಎಂದರೆ ನಮ್ಮ ಚೈತ್ರ ವೈಶಾಖಗಳನ್ನು, ‘ವಾಸಂತಿಕ’ ಎಂದೇ ಕರೆಯುತ್ತದೆ. ಅಲ್ಲೇ ಮುಂದೆ ‘ವಾರ್ಷಿಕ’ವೂ ಬರುತ್ತದೆ, ಮಳೆಗಾಲದ್ದು ಎಂಬ ಅರ್ಥದಲ್ಲಿ! ಮಳೆಯಲ್ಲಿ ನೆನೆಯುತ್ತಿದ್ದ ಆ ಶಬ್ದ ಈಗ ನಮ್ಮ ಚಂದಾ ರಸೀದಿಯಲ್ಲಿ ಬೆಚ್ಚಗೆ ಕುಳಿತಿದೆ. (ಚಂದಾ ನವೀಕರಿಸದವರಿಗೆ ನೆನಪಿಸಿದಂತೆಯೂ ಆಯಿತು.) ನಿಮ್ಮ ಓಣಿಯ ವಾಸಂತಿಯರೂ ಇದೇ ಮನೆತನದವರು, ಮಾಧವೀಲತೆಗೂ ಆ ಹೆಸರುಂಟು.

ಆದರೂ ವಾಸಂತಿಕ ಅಪರೂಪವಾಗಿ ಉಳಿದಿದೆ, ಏಕೆಂದರೆ ಕನ್ನಡಕ್ಕೆ ಅದರ ಅಗತ್ಯ ಬೀಳುವುದಿಲ್ಲ. ‘ವಸಂತದ ಗಾಳಿ’ ಎಂದರೆ ಮುಗಿಯಿತು. ಮಾರ್ಚ್ 20ರ ಸುಮಾರಿಗೆ ಹಗಲು ಇರುಳು ಸಮವಾಗುವುದನ್ನೂ ‘ವಸಂತ ವಿಷುವ’ ಎನ್ನುತ್ತೇವೆ. ‘ವಾಸಂತಿಕ ಶೋಭೆ’ ಎಂದರೆ ಕಿವಿ ಒಪ್ಪುತ್ತದೆ. ‘ವಾಸಂತಿಕ ಗಾಳಿ’ ಎಂದರೆ ಜರಿಯ ಶಲ್ಯ ಹೊದ್ದು ಕಳೆ ತೆಗೆಯಲು ಹೋದಂತೆ. ಅದರಲ್ಲೂ ಕಥೆಯ ಗಾಳಿ ಬೀಸುವುದು ಬಿಳಿಜೋಳ ಕಿತ್ತ ಎರೆಹೊಲದ ಮೇಲೆ. ನೆಲ ಕೈ ಹೋಗುವಷ್ಟು ಬಿರಿದಿದೆ, ಬದುವಿನ ಬೇವಿನ ಹೂ ಆ ಬಿರುಕಿನೊಳಗೆ ಉದುರುತ್ತಿದೆ. ಅಲ್ಲಿ ನಾನು ಪೆನ್ನು ಆಡಿಸಬೇಕಿತ್ತು, ತಪ್ಪು ನನ್ನದೇ.

ಆ ಜಾಗಕ್ಕೆ ನಮ್ಮದೇ ಒಂದು ಶಬ್ದವಿತ್ತು: ಸುಗ್ಗಿ. ಹಳಗನ್ನಡದಲ್ಲಿ ಸುಗ್ಗಿ ಎಂದರೆ ವಸಂತ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ವಸಂತ, ಕೊಯ್ಲು ಎರಡೂ ಅರ್ಥಗಳನ್ನು ಕೊಡುತ್ತದೆ. ಈಗ ಧಾರವಾಡ ಸೀಮೆಯಲ್ಲಿ ಸುಗ್ಗಿ ಎಂದೊಡನೆ ಕಣ, ರಾಶಿ, ಹಂತಿಯ ಹಾಡು ಕಣ್ಣಿಗೆ ಕಟ್ಟುತ್ತವೆಯೇ ಹೊರತು ಕೋಗಿಲೆಯ ನೆನಪು ಯಾರಿಗೂ ಆಗುವುದಿಲ್ಲ. ‘ಸುಗ್ಗಿಯ ಗಾಳಿ’ ಎಂದಿದ್ದರೆ ಋತುವೂ ರಾಶಿಯ ಹೊಟ್ಟೂ ಒಟ್ಟಿಗೆ ತೂರಿಬರುತ್ತಿದ್ದವು. ಸಂಕಲನ ತರುವಾಗ ತಿದ್ದುವುದಾಗಿ ಕಥೆಗಾರರು ಫೋನಿನಲ್ಲಿ ಹೇಳಿದ್ದಾರೆ, ಒಲ್ಲದ ಮನಸ್ಸಿನಿಂದ.

– ಸಂ.