ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಪಿತ್ತಕೋಶಕ್ಕೆ ಅಲ್ಟ್ರಾಸೌಂಡ್ ಯಾಕೆ?

ಅಷ್ಟು ದೊಡ್ಡ ಸಿಟಿಯಲ್ಲೇ ಏನೂ ಕಾಣಲಿಲ್ಲ, ಇನ್ನು ಅಲ್ಟ್ರಾಸೌಂಡ್‌ನಲ್ಲಿ ಏನು ಕಾಣುತ್ತದೆ ಅಂತ ಕೇಳಿದ್ದೀರಿ. ನಾನೂ ಡಾಕ್ಟರ ಹತ್ತಿರ ಇದೇ ವಾದ ಮಾಡಿದ್ದೆ. ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ನೋವು ಹಿಡಿದುಕೊಳ್ಳುತ್ತಿತ್ತು, ಬೆನ್ನಿಗೂ ಹೋಗುತ್ತಿತ್ತು. ಸಿಟಿ ಕ್ಲಿಯರ್. ಆಮೇಲೆ ಅಲ್ಟ್ರಾಸೌಂಡ್ ಮಾಡಿದರೆ ಮೂರು ಕಲ್ಲು!

ಸಿಟಿಯೂ ಒಂದು ಥರದ ಎಕ್ಸ್‌ರೇಯೇ ಅಲ್ವಾ? ಪಿತ್ತಕೋಶದ ಕಲ್ಲುಗಳು ಹೆಚ್ಚಾಗಿ ಕೊಲೆಸ್ಟ್ರಾಲ್‌ನಿಂದ ಆಗಿರುತ್ತವೆ. ಅವುಗಳಲ್ಲಿ ಕ್ಯಾಲ್ಸಿಯಂ ಸಾಕಷ್ಟಿಲ್ಲದಿದ್ದರೆ ಸುತ್ತಲಿನ ಪಿತ್ತರಸದ ಬೂದು ಬಣ್ಣದಲ್ಲೇ ಬೆರೆತುಹೋಗುತ್ತವೆ. ಮಾಮೂಲಿ ಎಕ್ಸ್‌ರೇಯಲ್ಲಂತೂ ನೂರಕ್ಕೆ 10–15 ಕಲ್ಲು ಕಂಡರೆ ಜಾಸ್ತಿ. ಅಲ್ಟ್ರಾಸೌಂಡ್‌ಗೆ ಕ್ಯಾಲ್ಸಿಯಂ ಬೇಕಿಲ್ಲ. ಶಬ್ದದ ಅಲೆ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ನನ್ನನ್ನು ಎಡಕ್ಕೆ ಹೊರಳಿಸಿದಾಗ ಆ ಚುಕ್ಕೆಗಳೂ ಜಾರಿದವು. ಪಾಲಿಪ್ (ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಆಗಿದ್ದರೆ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತಂತೆ.

6–8 ಗಂಟೆ ಏನೂ ತಿನ್ನದೆ ಹೋಗಿ. ತಿಂದರೆ ಪಿತ್ತಕೋಶ ಕುಗ್ಗಿಬಿಡುತ್ತದೆ, ಒಳಗೆ ನೋಡೋದು ಕಷ್ಟ. ಪ್ರೋಬ್ (ಹೊಟ್ಟೆಯ ಮೇಲೆ ಆಡಿಸುವ ಅಲ್ಟ್ರಾಸೌಂಡ್ ಸಾಧನ) ಒತ್ತಿದಾಗ ಸರಿಯಾಗಿ ಪಿತ್ತಕೋಶದ ಮೇಲೇ ಜೋರು ನೋವಾದರೆ ಅದು ಉರಿಯೂತದ ಗುರುತು, ಮರ್ಫಿ ಸೈನ್ ಅನ್ನುತ್ತಾರೆ. ಹಾಗಾಗಿ ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಬೇಡಿ, ಬಾಯಿಬಿಟ್ಟು ಹೇಳಿ. ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ಈ ಗುರುತು ಮರೆಯಾಗಬಹುದು.

ಸಿಟಿ ದಂಡ ಅಂತಲ್ಲ. ಪಿತ್ತಕೋಶ ಒಡೆದಿದೆಯಾ, ಕೀವು ಹರಡಿದೆಯಾ, ಗೆಡ್ಡೆ ಇದೆಯಾ ಅನ್ನೋದಕ್ಕೆ ಅದು ಬೇಕು. ಅಲ್ಟ್ರಾಸೌಂಡ್ ಸೋಲೋದು ಪಿತ್ತನಾಳದ ಕೆಳಭಾಗದಲ್ಲಿ. ಕರುಳಿನ ಗ್ಯಾಸ್ ಅಡ್ಡ ಬರುತ್ತದೆ. ನನಗೆ ನಾಳ ಸ್ವಲ್ಪ ಹಿಗ್ಗಿದಂತೆ ಕಂಡಿದ್ದರಿಂದ ಎಂಆರ್‌ಸಿಪಿ ಮಾಡಿಸಿದರು. ಅದು ಎಂಆರ್‌ಐಯ ಒಂದು ಬಗೆ, ನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಕಲ್ಲೇ ಇಲ್ಲದೆ ನೋವು ಮುಂದುವರಿದರೆ ಹೈಡಾ ಸ್ಕ್ಯಾನ್ ಹೇಳಬಹುದು. ಅದರಲ್ಲಿ ಪಿತ್ತಕೋಶ ಎಷ್ಟು ಚೆನ್ನಾಗಿ ಹಿಂಡುತ್ತದೆ ಅಂತ ನೋಡುತ್ತಾರೆ.

ರಿಪೋರ್ಟ್ ಬಂದಾಗ ‘ಕಲ್ಲು ಇದೆಯಾ’ ಅಂತಷ್ಟೇ ನೋಡಬೇಡಿ. ಪಿತ್ತಕೋಶದ ಗೋಡೆ 3 ಮಿಲಿಮೀಟರ್‌ಗಿಂತ ದಪ್ಪ ಇದೆಯಾ, ನಾಳ ಪೂರ್ತಿ ಕಂಡಿತಾ ಅಂತಲೂ ಡಾಕ್ಟರನ್ನು ಕೇಳಿ. ಈ ನಡುವೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಸ್ಕ್ಯಾನಿಂಗ್ ದಿನಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.