ಆಫೀಸಿನ ಗೋಡೆ, ಮೇಜುಗಳಿಗೆ ಕರ್ವ್ ಮಾಡಿಸಿದರೆ ಕೆಲಸ ಮಾಡೋರಿಗೆ ನಿಜವಾಗ್ಲೂ ಅನುಕೂಲವಾ?

20 ಜನರ ಆಫೀಸಿಗೆ ಗೋಡೆ, ಮೇಜು, ಸೀಲಿಂಗ್ ಎಲ್ಲಕ್ಕೂ ಕರ್ವ್ ಕೊಡೋಣ ಅಂತ ನಿಮ್ಮ ಇಂಟೀರಿಯರ್‌ನವರು ಹೇಳಿದ್ದಾರೆ, ಇದು ಉಪಯೋಗಕ್ಕಾ ಇಲ್ಲ ಸುಮ್ನೆ ಶೋಕಿಗಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿಸುವವನು. ಮೈ ತಾಗುವ ಕಡೆ ಧೈರ್ಯವಾಗಿ ಮಾಡಿಸಿ. ಬರೀ ಕಣ್ಣಿಗೆ ಕಾಣುವ ಕಡೆ ಆಮೇಲೆ ನೋಡೋಣ.

ಮೊದಲು ಮೇಜಿನ ಅಂಚು. ಟೈಪ್ ಮಾಡುವಾಗ ಮುಂಗೈ ಒರಗುವುದು ಅಲ್ಲೇ. ಅಂಚು ಚೂಪಾಗಿದ್ದರೆ ಸಂಜೆ ಹೊತ್ತಿಗೆ ಕೈ ಮೇಲೆ ಕೆಂಪು ಗೆರೆ ಬಿದ್ದಿರುತ್ತದೆ. ಮುಂದಿನ ಅಂಚಿಗೆ ಮರದ ಬೀಡಿಂಗ್ (ತೆಳು ಪಟ್ಟಿ) ಹೊಡೆಸಿ, ಗುಂಡಗೆ ಉಜ್ಜಿಸಿ. ಓಡಾಡುವ ದಾರಿಗೆ ಚಾಚಿದ ಮೂಲೆಗಳನ್ನೂ ಹಾಗೇ ಮಾಡಿಸಿ, ಇಲ್ಲದಿದ್ದರೆ ದಿನಾ ಯಾರದ್ದಾದರೂ ತೊಡೆಗೆ ಏಟು.

ಮೇಜಿನ ಆಕಾರದ ಮಾತಿಗೆ ಬಂದರೆ, ಕೂತಲ್ಲಿಂದ ಕೈ ಆಡಿಸಿದಾಗ ಅದು ನೇರ ಹೋಗುವುದಿಲ್ಲ, ಅರ್ಧ ಚಕ್ರ ಸುತ್ತುತ್ತದೆ ಅಲ್ವಾ? ಒಳಮೂಲೆ ಬಾಗಿದ್ದರೆ ಎಲ್ಲ ಸಾಮಾನೂ ಕೈಗೆಟುಕುತ್ತದೆ. ಅಮೆರಿಕದ ಹರ್ಮನ್ ಮಿಲ್ಲರ್ ಫರ್ನಿಚರ್ ಕಂಪನಿಗೆ ರಾಬರ್ಟ್ ಪ್ರಾಪ್ಸ್ಟ್ ಅನ್ನುವವರು 1968ರಲ್ಲಿ ತಂದ ಆಕ್ಷನ್ ಆಫೀಸ್ ವ್ಯವಸ್ಥೆಯಲ್ಲಿ ಪಾರ್ಟಿಷನ್‌ಗಳನ್ನು 120 ಡಿಗ್ರಿಗೆ ಅಗಲವಾಗಿ ತೆರೆದಿಡಬೇಕು ಅಂತಿತ್ತು. ಕೊಂಡ ಕಂಪನಿಗಳು ಜಾಸ್ತಿ ಜನ ಹಿಡಿಸಲಿ ಅಂತ 90ಕ್ಕೆ ಮಡಚಿದವು, ಕ್ಯುಬಿಕಲ್ ಅನ್ನುವ ಡಬ್ಬಿ ಹುಟ್ಟಿದ್ದು ಹಾಗೆ. ನಿಮಗೂ ಅದೇ ಲೆಕ್ಕ ಎದುರಾಗುತ್ತದೆ: 120 ಡಿಗ್ರಿಗೆ ತೆರೆದ ಮೇಜು ಆರಾಮ, ಆದರೆ ಜಾಗ ತಿನ್ನುತ್ತದೆ, ಬಾಡಿಗೆ ಚದರಡಿಗೆ.

ಗೋಡೆ ವಿಷಯದಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಮೀಟಿಂಗ್ ರೂಮಿಗೆ ಒಳಗೆ ಬಾಗಿದ ಜಿಪ್ಸಮ್ ಗೋಡೆ ಮಾಡಿಸಿದೆ, ನೋಡೋಕೆ ಬಹಳ ಚೆನ್ನಾಗಿತ್ತು. ಒಂದು ತುದಿಯಲ್ಲಿ ಇಬ್ಬರು ಪಿಸುಗುಟ್ಟಿದರೆ ಇನ್ನೊಂದು ತುದಿಯಲ್ಲಿ ಕೂತ ಮ್ಯಾನೇಜರ್‌ಗೆ ಸ್ಪಷ್ಟವಾಗಿ ಕೇಳುತ್ತಿತ್ತು! ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಆಗುವುದೂ ಇದೇ, ಬಾಗಿದ ಗೋಡೆ ಸದ್ದನ್ನು ಚದುರೋಕೆ ಬಿಡದೆ ಸುತ್ತ ಸಾಗಿಸುತ್ತದೆ. ಅಲ್ಲಿ ಅದಕ್ಕೆ ಟಿಕೆಟ್ ಕೊಟ್ಟು ಹೋಗ್ತೀವಿ, ಇಲ್ಲಿ ನಾನು ಬೈಸಿಕೊಂಡು ನನ್ನ ಖರ್ಚಲ್ಲೇ ಬಟ್ಟೆ ಹೊದಿಸಿದ ಪ್ಯಾನೆಲ್ ಹಾಕಿಸಿದೆ. ಹೊರಗೆ ಉಬ್ಬಿದ ಗೋಡೆಗೆ ಈ ತೊಂದರೆ ಇಲ್ಲ, ಅದು ಸದ್ದನ್ನು ಚದುರಿಸುತ್ತದೆ. ಆದರೆ ಬಾಗಿದ ಗೋಡೆ ಯಾವುದೇ ಆಗಲಿ, ಬೀರು ಒರಗಿಸಿದರೆ ಸಂದಿ ಉಳಿದು ಜಾಗ ದಂಡ.

ಕಣ್ಣಿಗೆ ಹಿತ ಅನ್ನುವುದು ಸುಳ್ಳಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ ಕೋಣೆಗಳ ಫೋಟೋ ತೋರಿಸಿದ್ದರು. ಬಾಗಿದ ಕೋಣೆಗಳೇ ಹೆಚ್ಚು ಚಂದ ಅಂದರು. ಒಳಗೆ ಹೋಗ್ತೀರಾ ಅಂತ ಕೇಳಿದಾಗ ಮಾತ್ರ ಕರ್ವ್‌ನಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಸೀಲಿಂಗ್ ಕರ್ವ್‌ಗೆ ನಾನು ಬೇಡ ಅನ್ನೋದು ಇದಕ್ಕೇ, ಕತ್ತೆತ್ತಿ ಯಾರು ನೋಡ್ತಾರೆ?

ಡ್ರಾಯಿಂಗ್‌ಗೆ ಸಹಿ ಹಾಕುವ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೇಜಿನ ಗೆರೆ ಎಳೆಸಿ. ನಿಮ್ಮ ಕುರ್ಚಿ ಹಾಕಿ ಕೂತು, ತಿರುಗಿ, ಎದ್ದು ಓಡಾಡಿ ನೋಡಿ. ಹಿಂದಿನ ಸೀಟಿಗೂ ಇನ್ನೊಬ್ಬರನ್ನು ಕೂರಿಸಿ.